ಹೊಸಿಲು ದಾಟುವವರೆಗೆ

"ಎತ್ತಿ ಹೊರಗೆ ಹಾಕಿ ಇವರನ್ನ" ಎಂದು ಸಭಾಧ್ಯಕ್ಷರು ಗಂಟೆ ಬಾರಿಸಿದಾಗ ಇಲ್ಲಪ್ಪನವರು ಆಗಷ್ಟೇ ಮೂರನೆಯ ಹೆಸರು ಓದಿ ಮುಗಿಸಿದ್ದರು. ಪೀಠದ ಕೆಳಗೆ, ನೆಲದ ಮೇಲೆ, ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಹಿರಿಯ ಮಾರ್ಷಲ್ ಟೋಪಿ ಸರಿಮಾಡಿಕೊಂಡು, ಜೊತೆಗಾರನಿಗೆ ಕಣ್ಣಲ್ಲೇ ಹೇಳಿ ಮುಂದೆ ಬಂದ. ಅವನಿಗೆ ಇದೇನು ಹೊಸದಲ್ಲ. ಇಪ್ಪತ್ತಾರು ವರ್ಷದಿಂದ ಅವರು ಕೂರುವುದು, ಇವನು ಎತ್ತುವುದು ನಡೆದೇ ಇತ್ತು.

ಇಲ್ಲಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಸರ್ಕಾರ ಏನು ತಂದರೂ 'ಇಲ್ಲ' ಎನ್ನುತ್ತಾರೆಂದು ಆಡಳಿತ ಪಕ್ಷದವರು ಕಟ್ಟಿದ್ದು. ಅವರ ಪಕ್ಕ ಕೂತಿದ್ದವರು ಒಬ್ಬೊಬ್ಬರಾಗಿ ಆಚೆ ಬದಿಗೆ ಹಾರಿ ಮಂತ್ರಿಗಳಾದರು. ಇವರು ಮಾತ್ರ ಹಿಡಿದ ಹಟ ಬಿಡದೆ ಅದೇ ಬೆಂಚು ಸವೆಸಿದರು. ಅವರ ರಾಜಕೀಯವೆಲ್ಲ ಮಾರ್ಷಲ್‌ಗೆ ತೂಕದಲ್ಲಿ ಗೊತ್ತು. ಮೊದಲ ಸಲ ಗೆದ್ದು ಬಂದಾಗ ಕಡ್ಡಿಯಂಥ ಮೈ, ಒಬ್ಬನೇ ಸಾಕಾಗಿತ್ತು. ಪಕ್ಷದ ನಾಯಕರಾದ ಕಾಲದಲ್ಲಿ ಮೂವರು ಬೇಕಾಗುತ್ತಿತ್ತು. ಆಗೊಮ್ಮೆ ಮಾರ್ಷಲ್‌ನ ಸೊಂಟ ಉಳುಕಿದಾಗ ಅವರೇ ಎಣ್ಣೆ ಸೀಸೆ ಹಿಡಿದು ಅವನ ಮನೆಗೆ ಬಂದಿದ್ದರು. "ತಪ್ಪು ನಂದಲ್ಲ ಕಣಪ್ಪಾ, ಬಡಿಸೋಳ್ದು" ಎಂದು ನಕ್ಕಿದ್ದರು.

ಎತ್ತುವ ಮೊದಲು ಅವರು ಕನ್ನಡಕ ತೆಗೆದು ಮಾರ್ಷಲ್‌ನ ಜೇಬಿಗೆ ಹಾಕಬೇಕು, ಮೊಗಸಾಲೆಯಲ್ಲಿ ಇಳಿಸಿದ ಮೇಲೆ ಅವನು ಹಿಂದಕ್ಕೆ ಕೊಡಬೇಕು. ಮೊದಲ ವರ್ಷ ಒಂದು ಕನ್ನಡಕ ಒಡೆದ ಮೇಲೆ ಇಬ್ಬರೂ ಮಾಡಿಕೊಂಡ ಪದ್ಧತಿ. ಇವತ್ತೂ ಮಾರ್ಷಲ್ ಬಗ್ಗಿ ಜೇಬು ಅಗಲಿಸಿದ. ಅವರು ತೆಗೆಯಲಿಲ್ಲ.

"ಇನ್ನೂ ಎಂಟು ಹೆಸರಿದೆ ಕಣಪ್ಪಾ" ಎಂದರು ಮೆಲ್ಲಗೆ. "ಓದೋಕೆ ಬೇಕು."

ಕಾರ್ಖಾನೆಯ ಬಾಯ್ಲರ್ ಸಿಡಿದು ಸತ್ತವರು ನಾಲ್ಕೇ ಜನ ಎಂದು ಮಂತ್ರಿಗಳು ಬೆಳಗ್ಗೆ ಉತ್ತರ ಕೊಟ್ಟಿದ್ದರು. ಇವರ ಚೀಟಿಯಲ್ಲಿ ಹನ್ನೊಂದಿತ್ತು. ಉಳಿದ ಏಳು ಮಂದಿ ದಿನಗೂಲಿಯವರು. ಹಾಜರಿ ಪುಸ್ತಕದಲ್ಲೇ ಇಲ್ಲದವರು ಸಾಯುವುದಾದರೂ ಹೇಗೆ ಎಂಬುದು ಸರ್ಕಾರದ ವಾದ. ಆ ಸದನದಲ್ಲಿ ಒಂದು ನಿಯಮವಿತ್ತು. ಸದಸ್ಯ ಹೊಸಿಲು ದಾಟುವವರೆಗೆ ಆಡಿದ್ದೆಲ್ಲ ಕಡತಕ್ಕೆ ಹೋಗುತ್ತದೆ, ದಾಟಿದ ಮೇಲೆ ಆಡಿದ್ದು ಗಾಳಿಗೆ. ಪೀಠದಿಂದ ಹೊಸಿಲಿಗೆ ಇಪ್ಪತ್ತು ಹೆಜ್ಜೆ. ಹೆಚ್ಚೆಂದರೆ ಎರಡು ಹೆಸರು ಓದುವಷ್ಟು ದಾರಿ.

ಮಾರ್ಷಲ್ ಕಂಕುಳಿಗೆ ಕೈ ಕೊಟ್ಟ. ಕೈಗೆ ಬರೀ ಪಕ್ಕೆಲುಬು ಸಿಕ್ಕವು. ಕೋಟು ಹಳೆಯದೇ, ಒಳಗೆ ಮನುಷ್ಯ ಅರ್ಧವೂ ಇರಲಿಲ್ಲ.

"ಏನ್ ಸಾರ್ ಇದು?" ಎಂದ, ಹಿಡಿತ ಸಡಿಲಿಸಿ.

"ಮುಂದಿನ ಅಧಿವೇಶನದ ಮಾತೇ ಬೇಡ ಅಂದಿದ್ದಾರೆ ಡಾಕ್ಟ್ರು. ನೀನು ನಿನ್ನ ಕೆಲಸ ಮಾಡಪ್ಪಾ, ನಾನು ನಂದು ಮಾಡ್ತೀನಿ." ಹೀಗೆಂದು ಅವರು ನಾಲ್ಕನೆಯ ಹೆಸರು ಓದಿದರು. ಕಲ್ಲಿದ್ದಲು ಹೊರುವವನು, ಮೂವತ್ತು ವರ್ಷ.

ಜೊತೆಗಾರ ಕಾಲು ಹಿಡಿದು ಮೇಲಕ್ಕೆಳೆದ. ಮಾರ್ಷಲ್ ಅವರ ಹೆಗಲ ಮೇಲೆ ಎರಡೂ ಕೈಯಿಟ್ಟು, ಯಾರಿಗೂ ಕಾಣದಂತೆ, ಕೆಳಕ್ಕೆ ಒತ್ತಿದ. ಜೊತೆಗಾರ ಅವನ ಮುಖ ನೋಡಿದ. ಹೆಣಗಾಡಿದವನಂತೆ ಕಾಲು ಕೆಳಗಿಟ್ಟು ಹಣೆ ಒರೆಸಿಕೊಂಡ.

ಐದು, ಆರು. ಒಂದೇ ಮನೆಯ ಅಣ್ಣ ತಮ್ಮ.

"ಏನ್ರೀ ಮಾಡ್ತಿದ್ದೀರಿ ಅಲ್ಲಿ? ಒಬ್ಬ ಮುದುಕನ್ನ ಎತ್ತೋಕೆ ಎಷ್ಟು ಹೊತ್ತು?" ಸಭಾಧ್ಯಕ್ಷರು ಮತ್ತೆ ಗಂಟೆ ಬಾರಿಸಿದರು.

ಮಾರ್ಷಲ್‌ನ ನಿವೃತ್ತಿಗೆ ಎಂಟು ತಿಂಗಳಿದ್ದವು. ಇಷ್ಟು ವರ್ಷದಲ್ಲಿ ಆ ಪೀಠಕ್ಕೆ ಅವನು ಸುಳ್ಳು ಹೇಳಿದವನಲ್ಲ. ನೆಟ್ಟಗೆ ನಿಂತು ಹೇಳಿದ, "ಏಳ್ತಿಲ್ಲ ಸಾರ್. ತುಂಬಾ ಭಾರ ಇದ್ದಾರೆ."

ಆಡಳಿತ ಪಕ್ಷದ ಕಡೆ ಯಾರೋ ನಕ್ಕರು. ಏಳು, ಎಂಟು ಆಗುವ ಹೊತ್ತಿಗೆ ಆ ನಗುವೂ ನಿಂತಿತು. ಮಾರ್ಷಲ್ ಮತ್ತೆ ಬಗ್ಗಿದ, ಮತ್ತೆ ಹೆಣಗಿದ. ಶೀಘ್ರಲಿಪಿಯವರ ಪೆನ್ಸಿಲ್ ಓಡುತ್ತಲೇ ಇತ್ತು. ಹನ್ನೊಂದನೆಯದು ಬಾಯ್ಲರ್ ಮನೆ ಗುಡಿಸುವಾಕೆ. "ವಯಸ್ಸು ಗೊತ್ತಾಗಲಿಲ್ಲ. ಆಕೆಗೂ ಗೊತ್ತಿರಲಿಲ್ಲವಂತೆ" ಎಂದು ಓದಿ ಇಲ್ಲಪ್ಪನವರು ಚೀಟಿ ಮಡಚಿದರು. ಕನ್ನಡಕ ತೆಗೆದು ಮಾರ್ಷಲ್‌ನ ಜೇಬಿಗೆ ಹಾಕಿದರು.

"ಮುಗೀತು. ಈಗ ಎತ್ತಪ್ಪಾ."

ಜೊತೆಗಾರ ಕಾಲಿನ ಕಡೆ ಬಗ್ಗಿದ. "ಬೇಡ ಬಿಡು" ಎಂದ ಮಾರ್ಷಲ್. ಬೆನ್ನಿಗೊಂದು ಕೈ, ಮಂಡಿಯ ಕೆಳಗೊಂದು ಕೈ ಕೊಟ್ಟು, ನಿದ್ದೆಹೋದ ಮಗುವನ್ನು ಎತ್ತುವಂತೆ ಒಬ್ಬನೇ ಎತ್ತಿಕೊಂಡ. ಸಭಾಧ್ಯಕ್ಷರು ನೋಡುತ್ತಿದ್ದಂತೆಯೇ ಇಪ್ಪತ್ತು ಹೆಜ್ಜೆಯನ್ನೂ, ಎಲ್ಲಿಯೂ ನಿಲ್ಲದೆ, ನಡೆದುಹೋದ.