ಒಂದೇ ಬಟ್ಟಲಿನ ಬೇವಿನೆಣ್ಣೆ

ಬೇವಿನೆಣ್ಣೆಯ ವಾಸನೆ ಬಂದರೆ ಈಗಲೂ ನನ್ನ ಕೈ ಕೆನ್ನೆಯ ಕಲೆಗಳನ್ನು ಮುಟ್ಟಿ ನೋಡುತ್ತದೆ.

ಅಪ್ಪನಿಗೆ ವರ್ಗವಾಗಿ ತೆಲುಗು ಸೀಮೆಯ ಪೆಂಡುರ್ತಿಗೆ ಹೋದ ವರ್ಷ ನನಗೂ ಪಕ್ಕದ ಮನೆ ಅಪ್ಪಲಮ್ಮನ ಹುಂಜಕ್ಕೂ ಒಂದೇ ವಾರ ಸಿಡುಬಿನ ಗುಳ್ಳೆ ಎದ್ದಿದ್ದವು. ಅದು ಬುಟ್ಟಿಯಡಿ, ನಾನು ಒಳಕೋಣೆಯಲ್ಲಿ.

ನಾವಿಬ್ಬರೂ ಚೇತರಿಸಿಕೊಂಡ ಮೇಲೆ ಒಂದು ಮಧ್ಯಾಹ್ನ ಅಪ್ಪಲಮ್ಮ ಹುಂಜದ ಮುಖಕ್ಕೆ ಬೇವಿನೆಣ್ಣೆ ಸವರಿದಳು. ಆಮೇಲೆ ಉಳಿದ ಕೋಳಿಗಳನ್ನೂ ಒಂದೊಂದಾಗಿ ಹಿಡಿದು ಸವರಿದಳು.

“ಎಲ್ಲಕ್ಕೂ ಒಂದೇ ವಾಸನೆ ಇರಬೇಕು ಪಾಪಾ. ಇಲ್ಲಾಂದ್ರೆ ಇದನ್ನ ಕುಕ್ಕಿ ಸಾಯಿಸ್ತಾವೆ,” ಎಂದಳು ತೆಲುಗಿನಲ್ಲಿ.

ಬುಟ್ಟಿ ಎತ್ತಿದಳು. ಕೋಳಿಗಳು ಸುತ್ತುವರಿದವು. ಹುಂಜ ಕತ್ತು ಒಳಗೆಳೆದುಕೊಂಡಿತು. ನಾನು ಕೆನ್ನೆ ಮುಟ್ಟಿಕೊಂಡೆ. ಒಂದು ಹೇಂಟೆ ಹತ್ತಿರ ಬಂದು ಅದರ ಹಕ್ಕಳೆಗಳನ್ನೇ ದಿಟ್ಟಿಸಿ, ಮತ್ತೆ ಮಣ್ಣು ಕೆದಕತೊಡಗಿತು.

“ನೋಡಿದ್ಯಾ, ಏನೂ ಮಾಡ್ಲಿಲ್ಲ. ನಾಳೆ ನೀನೂ ಸ್ಕೂಲಿಗೆ ಹೋಗು,” ಎಂದಳು ನನ್ನ ಹಿಂದೆ ನಿಂತು ನೋಡುತ್ತಿದ್ದ ಅಮ್ಮ.

ನಮ್ಮ ಕ್ಲಾಸಿನಲ್ಲಿ ನಲವತ್ತು ಮಕ್ಕಳಿದ್ದರು. ನಾನು ಎಣ್ಣೆಯ ಬಟ್ಟಲಿನೊಳಗೆ ಇಣುಕಿದೆ. ತಳ ಕಾಣುತ್ತಿತ್ತು.