ಹಾಯಿದೋಣಿಯಲ್ಲಿ ಅಳಿಯನ ಪರೀಕ್ಷೆ

“ಮಹಾರಾಜ್, ನಿಮ್ಮನ್ನು ಎಲ್ಲೋ ನೋಡಿದ ಹಾಗಿದೆಯಲ್ಲ?”

ಬಿಯರ್ ಬಾಟಲಿಯ ಮೇಲಿಂದ ಕಣ್ಣು ಕಿರಿದಾಗಿಸಿ ಕೇಳಿದವನು ಲತೀಶ್. ಯಶ್ವಂತ ಹೆಗ್ಡೆಯವರ ಕೈಯ ಸೌಟು ನಿಂತಿತು. ಅಂಡಮಾನಿನ ಸಮುದ್ರವೂ ಒಂದು ಕ್ಷಣ ಅಲೆ ಎಬ್ಬಿಸುವುದನ್ನು ಮರೆಯಿತು.

“ಅಡುಗೆಯವರ ಮುಖ ಎಲ್ಲ ಒಂದೇ ನಮೂನೆ ಇರ್ತದೆ, ಸಾಹೇಬ್ರೇ.”

ಲತೀಶ್ ಗಹಗಹಿಸಿ ನಕ್ಕ. ಉಳಿದ ಮೂವರು ಗೆಳೆಯರೂ ನಕ್ಕರು. ಗಂಡಾಂತರ ಕಳೆಯಿತು.

ಮುಂಬಯಿ ಪಕ್ಕದ ಠಾಣೆಯ ಮಾಜಿವಾಡಾದಲ್ಲಿ ಹೆಗ್ಡೆಯವರನ್ನು ಅರಿಯದ ನರಪಿಳ್ಳೆಯಿಲ್ಲ. ಅಲ್ಲಿ ಸಂಜೆ ಟ್ರಾಫಿಕ್ ಜಾಮ್ ಆಗುವುದು ಫ್ಲೈಓವರಿನಿಂದ ಎಂದು ಪತ್ರಿಕೆಗಳು ಬರೆಯುತ್ತವೆ. ನಿಜವಾದ ಕಾರಣ ಅವರ ಹೋಟೆಲಿನ ಗೋಳಿಬಜೆ. ಅವರ ಮೀಸೆಯಂತೂ ಕಲ್ಯಾಣದಿಂದಲೇ ಕಾಣುತ್ತಿತ್ತು. ಮೂವತ್ತು ವರ್ಷ ಸಾಕಿದ ಆ ಮೀಸೆಯನ್ನು ಒಂದೇ ಬೆಳಿಗ್ಗೆ ಬೋಳಿಸಿ, ಲುಂಗಿಯುಟ್ಟು, ಈ ಹಾಯಿದೋಣಿಯ ಅಡುಗೆಯವರಾಗಿ, ‘ಮಹಾರಾಜ್’ ಎನಿಸಿಕೊಂಡು ನಿಂತಿದ್ದರೆ ಅದು ಮಗಳಿಗಾಗಿ.

ದೊಡ್ಡ ಮಗಳು ರಮಿತಾಳನ್ನು ಬರೀ ಫೋಟೋ ನೋಡಿ ಕೊಟ್ಟಿದ್ದರು. ಕುಡುಕ ಗಂಡನನ್ನು ಬಿಟ್ಟು ಅವಳು ಎರಡೇ ವರ್ಷಕ್ಕೆ ಸೂಟ್‌ಕೇಸ್ ಹಿಡಿದು ಮರಳಿದ್ದಳು. ಈಗ ಎರಡನೆಯವಳು ಮಾನಸಿಗೆ ನವಿ ಮುಂಬಯಿಯ ಕೋಪರಖೈರಣೆಯ ಜಯೇಶ್ ಎಂಬ ಹುಡುಗನ ಸಂಬಂಧ ಬಂದಿತ್ತು. ಜಾತಕ ಕೂಡಿತ್ತು. ಮಧ್ಯಸ್ಥಿಕೆಯ ಸುಗುಣಕ್ಕ ಫೋಟೋ ಮುಂದಿಟ್ಟರೆ ಹೆಗ್ಡೆಯವರು ಮುಟ್ಟಲೂ ಇಲ್ಲ.

“ಫೋಟೋ ಹೆಂಗಸರು ನೋಡ್ಲಿ, ಸುಗುಣಕ್ಕ. ನಾನು ಗುಣ ನೋಡುವವ.”

ಹುಡುಗ ಮೂವರು ಗೆಳೆಯರ ಜೊತೆ ಅಂಡಮಾನಿಗೆ ಹೋಗಿ, ಎಂಟು ದಿನ ಹಾಯಿದೋಣಿಯಲ್ಲೇ ಉಂಡು ಮಲಗಿ ರಜೆ ಕಳೆಯುತ್ತಾನೆಂದು ಸುಗುಣಕ್ಕನೇ ಬಾಯಿಬಿಟ್ಟಳು. ಅಲ್ಲಿಯ ದೋಣಿಗಳಿಗೆ ಅಡುಗೆಯವರನ್ನು ಒದಗಿಸುವ ಮಾಪಣ್ಣ ಒಂದು ಕಾಲದಲ್ಲಿ ಹೆಗ್ಡೆಯವರ ಹೋಟೆಲಿನಲ್ಲೇ ದೋಸೆ ಹೊಯ್ದವನು. ಒಂದು ಫೋನು ಸಾಕಾಯಿತು. ಹೆಂಡತಿ ಸ್ವರ್ಣಲತಾಗೆ ಮಾತ್ರ ವಿಷಯ ತಿಳಿಸಿ, ಬಾಯಿಬಿಡದಂತೆ ಆಣೆ ಹಾಕಿಸಿದರು. ಮಗಳಿಗೆ ಹೇಳಿದ್ದು: “ಊರಲ್ಲಿ ಜಾಗದ ಸರ್ವೇ ಉಂಟು.”

ದೋಣಿಯ ಅಡುಗೆಮನೆ ಕಪಾಟಿನಷ್ಟು. ಒಲೆ ತೊಟ್ಟಿಲಿನಂತೆ ತೂಗುತ್ತಿತ್ತು. ಮೊದಲ ಎರಡು ದಿನ ಹೆಗ್ಡೆಯವರು ಎಷ್ಟು ವಾಂತಿ ಮಾಡಿದರೆಂದರೆ, ಬರ್ಮಾದ ತನಕದ ಮೀನುಗಳು ದಪ್ಪಗಾದವು. ಆದರೂ ಪರೀಕ್ಷೆ ಬಿಡಲಿಲ್ಲ.

ಜಯೇಶ್ ಚಿನ್ನ. ಐದಕ್ಕೆ ಏಳುತ್ತಿದ್ದ, ದೋಣಿಯ ಮೂತಿಯಲ್ಲಿ ನಿಂತು ಸೂರ್ಯನಮಸ್ಕಾರ ಹಾಕುತ್ತಿದ್ದ. ಎಳನೀರಲ್ಲದೆ ಬೇರೇನೂ ಕುಡಿಯುತ್ತಿರಲಿಲ್ಲ. ತನ್ನ ತಟ್ಟೆ ತಾನೇ ತೊಳೆಯುತ್ತಿದ್ದ. ಗೆಳೆಯರು “ಜಯೇಶ್! ಏ ಜಯೇಶ್!” ಎಂದು ಕೂಗಿದರೆ ಮೂರನೆಯ ಕೂಗಿಗೇ ತಿರುಗುತ್ತಿದ್ದುದು. ಎಂಥ ಏಕಾಗ್ರತೆ ಎಂದು ಹೆಗ್ಡೆಯವರ ಕಣ್ಣು ತುಂಬಿತು.

ಲತೀಶನೋ, ತದ್ವಿರುದ್ಧ. ಹತ್ತಕ್ಕೆ ಏಳುವುದು, ಹನ್ನೊಂದಕ್ಕೆ ಬಾಟಲಿ. ಹಾಡಿದರೆ ಹಾಯಿ ಹರಿಯುವ ಗಂಟಲು. ಒಮ್ಮೆ ಅಮಲಿನಲ್ಲಿ ಚಂದ್ರನನ್ನು ಹಿಡಿಯಲು ಸಮುದ್ರಕ್ಕೆ ಹಾರಿದ. ಜಯೇಶನೇ ಎಳೆದು ಹಾಕಿದ. ಆದರೆ ಬಂಗುಡೆ ಗಸಿಗೆ ಮಾತ್ರ ಲತೀಶ್ ನಾಲ್ಕು ಸಲ ತಟ್ಟೆ ಒಡ್ಡುತ್ತಿದ್ದ.

“ಏನ್ ರುಚಿ, ಮಹಾರಾಜ್! ಮಗಳು ಇದ್ದಾಳಾ ನಿಮಗೆ?”

“ಇದ್ದಾಳೆ. ಯಾಕೆ?”

“ಅವಳಿಗೂ ಕಲಿಸಿಡಿ. ಅಳಿಯ ಹರಸ್ತಾನೆ.”

ಇವನನ್ನು ಕಟ್ಟಿಕೊಳ್ಳುವ ನತದೃಷ್ಟೆ ಯಾರೋ ಎಂದು ಹೆಗ್ಡೆಯವರು ಮರುಗಿದರು. ಕೊನೆಯ ದಿನ, ಹೇಗೂ ಬಾಯಿ ಸಡಿಲಿದವನೆಂದು, ಅವನನ್ನೇ ಕೇಳಿದರು:

“ನಿಮ್ಮ ಜಯೇಶ್ ಸಾಹೇಬ್ರು ಯಾವಾಗ್ಲೂ ಹೀಗೆಯಾ?”

“ಅರೇ ಮಹಾರಾಜ್, ಇಂಥ ಜಯೇಶ್ ನಿಮಗೆ ಇಡೀ ನವಿ ಮುಂಬಯಿಯಲ್ಲಿ ಸಿಗೋದಿಲ್ಲ. ನಾನೇ ಗ್ಯಾರಂಟಿ!”

ಠಾಣೆಗೆ ಮರಳಿದ ಹೆಗ್ಡೆಯವರು ಸುಗುಣಕ್ಕನಿಗೆ ಅಂದೇ ಮಾತು ಕೊಟ್ಟರು. ಕನ್ನಡ ಸಂಘದ ಸಭೆಯಲ್ಲಿ ಮೈಕ್ ಹಿಡಿದು ನೂರು ಜನರ ಮುಂದೆ ಘೋಷಿಸಿದರು: “ಈ ಸಂಬಂಧ ಮುರಿದ್ರೆ ನನ್ನ ಹೋಟೆಲಿನ ಬೋರ್ಡು ಇಳಿಸ್ತೇನೆ!” ಹುಡುಗನನ್ನು ನೋಡದೆಯೇ ಇಷ್ಟು ಧೈರ್ಯವೇ ಎಂದು ಜನ ಬೆರಗಾದರು. ಹೆಗ್ಡೆಯವರು ಇಲ್ಲದ ಮೀಸೆಯನ್ನು ತಿರುವಿದರು.

ಭಾನುವಾರ ಹುಡುಗನ ಕಡೆಯವರು ಬಂದರು. ಮನೆ ತುಂಬ ನೆಂಟರು. ಕಾರಿನ ಮುಂದಿನ ಬಾಗಿಲಿನಿಂದ ಲತೀಶ್ ಇಳಿದ. ಹೆಗ್ಡೆಯವರ ಮುಖ ಹುಳ್ಳಗಾಯಿತು. ಶುಭಕಾರ್ಯಕ್ಕೆ ಈ ಕುಡುಕನನ್ನು ಯಾಕೆ ಕರೆತಂದರು? ಹಿಂದಿನ ಬಾಗಿಲಿನಿಂದ ತಂದೆ ಇಳಿದರು, ತಾಯಿ ಇಳಿದರು. ಮತ್ತೆ ಯಾರೂ ಇಳಿಯಲಿಲ್ಲ.

“ನೋಡಿ ಹೆಗ್ಡೆಯವರೇ,” ಸುಗುಣಕ್ಕ ಲತೀಶನ ಬೆನ್ನು ತಟ್ಟಿದಳು, “ಇವನೇ ನಮ್ಮ ಜಯೇಶ್!”

ಇವನಲ್ಲ ಎನ್ನಲು ಹೆಗ್ಡೆಯವರ ಬಾಯಿ ತೆರೆಯಿತು. ಅಲ್ಲವೆಂದು ನಿಮಗೆ ಹೇಗೆ ಗೊತ್ತು ಎಂದು ನೆಂಟರು ಕೇಳಿದರೆ? ಬಾಯಿ ಮುಚ್ಚಿತು. ಸ್ವರ್ಣಲತಾ ಗಂಡನ ಕಣ್ಣು ತಪ್ಪಿಸಿ ಅವಸರವಾಗಿ ಒಳಗೆ ನಡೆದಳು. ಮಾನಸಿ ಹುಡುಗನನ್ನು ನೋಡಿ, ಹಳೆಯ ಪರಿಚಯದವಳಂತೆ ನಕ್ಕಳು.

ಹುಡುಗ ಭಕ್ತಿಯಿಂದ ಬಗ್ಗಿ ಹೆಗ್ಡೆಯವರ ಕಾಲು ಮುಟ್ಟಿದ; ಏಳುವಾಗ ಕಿವಿಯ ಹತ್ತಿರ ಪಿಸುಗುಟ್ಟಿದ:

“ನೀವು ಅಡುಗೆಗೆ ಬರ್ತೀರಿ ಅಂತ ಮಾನಸಿ ಫೋನ್ ಮಾಡಿದ್ಲು, ಮಾಮ. ರಜೆ ಹಾಳಾಗಬಾರ್ದಲ್ಲ, ಎಂಟು ದಿನಕ್ಕೆ ನನ್ನ ಹೆಸರನ್ನು ಆ ಸಂಭಾವಿತ ಲತೀಶನಿಗೆ ಕೊಟ್ಟುಬಿಟ್ಟಿದ್ದೆ.”