ರಂಗೋಲಿ ಪುಡಿ ಹಚ್ಚಿದ ಕಾರು

ಪೆಟ್ರೋಲ್ ಬಂಕಿನಲ್ಲಿ ಕಾರಿನ ಗಾಜು ಇಳಿಸಿದರೆ ನನಗೆ ಈಗಲೂ ಚಿಕ್ಕಮ್ಮನ ಮದುವೆಯ ದಿನ ನೆನಪಾಗುತ್ತದೆ.

ಆಗ ನಾನು ಚಿಕ್ಕವಳು. ಮಧ್ಯಾಹ್ನದ ಮುಹೂರ್ತಕ್ಕೆ ಮಂಡಕಳ್ಳಿಗೆ ಹೊರಟಿದ್ದೆವು. ಧಾರೆ ಸೀರೆ ನಮ್ಮ ಹತ್ತಿರವೇ ಇತ್ತು. ನೋಡಿದರೆ ಅಪ್ಪನ ಹಳೇ ಕಾರಿನ ಕೆಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಟ್ಯಾಂಕಿನ ತಳವೆಲ್ಲ ಒದ್ದೆಯಾಗಿ, ತೂತು ಎಲ್ಲಿದೆಯೆಂದು ಅಪ್ಪನಿಗೆ ತಿಳಿಯಲಿಲ್ಲ.

"ಬಟ್ಟೇಲಿ ಒರೆಸಿ, ರಂಗೋಲಿ ಪುಡಿ ಹಚ್ಚಿ ನೋಡೋಣ್ರೀ. ಸೋರೋ ಕಡೆ ನೆನೆಯುತ್ತೆ" ಎಂದಳು ಅಮ್ಮ.

ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಅವಳೇ ಪುಡಿ ಹಚ್ಚಿದಳು. ಬೆಳ್ಳಗಾದ ತಳದಲ್ಲಿ, ಬೆಸುಗೆಯ ಅಂಚಿಗೆ, ಸಾಸಿವೆಯಷ್ಟು ಕಪ್ಪು ಚುಕ್ಕೆಯೊಂದು ಮೂಡಿ ಮೆಲ್ಲಗೆ ಅಗಲವಾಯಿತು.

"ಸಿಕ್ಬುಡ್ತು ಕಣೇ!" ಎಂದು ಅಪ್ಪ ಕೂಗಿದರು. ಬಟ್ಟೆ ಸೋಪಿನ ತುಂಡನ್ನು ಅಲ್ಲಿಗೆ ಒತ್ತಿ ಒತ್ತಿ ತಿಕ್ಕಿದರು. "ಪೆಟ್ರೋಲಿಗೆ ಸೋಪು ಕರಗಲ್ಲ. ಹೋಗಿ ಬರೋವರೆಗೂ ತಡೆಯುತ್ತೆ."

ಸೋರುವುದು ನಿಂತಿತು. ಯಾವಾಗಲೂ ನನ್ನ ಜೊತೆ ಹಿಂದೆ ಕೂರುತ್ತಿದ್ದ ಅಮ್ಮನಿಗೆ ಅಪ್ಪ ಅವತ್ತು ಮುಂದಿನ ಬಾಗಿಲು ತೆಗೆದರು. "ವಾಸನೆ ಬಂದ್ರೆ ನಿಂಗೇ ಬೇಗ ಗೊತ್ತಾಗೋದು. ಇಲ್ಲೇ ಕೂತ್ಕೋ."

ದಾರಿಯುದ್ದಕ್ಕೂ ಅಪ್ಪ "ವಾಸನೆ ಬರ್ತಿದ್ಯಾ?" ಎನ್ನುವುದು, ಅಮ್ಮ "ಇಲ್ಲಾರೀ" ಎಂದು ನಗುವುದು. ಮದುವೆ ಮನೆ ಮುಂದೆ ಸೀರೆಯ ಗಂಟು ಹಿಡಿದು ನಾನು ಒಳಗೆ ಓಡಿದೆ. ಮುಂದಿನ ಸೀಟಿನಲ್ಲಿ ನಗುತ್ತಾ ಕೂತಿದ್ದ ಅವರಿಬ್ಬರೂ ಕಾರಿನಿಂದ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.